*ಯೆಉಗ್ (ಮೂಲ ಇಂಡೋ-ಯುರೋಪಿಯನ್ ಧಾತು)

ಮೂಲ ಇಂಡೋ-ಯುರೋಪಿಯನ್ ಭಾಷೆಗೆ ಪುನಾರಚಿಸಿರುವ ಧಾತುಗಳಲ್ಲಿ ಒಂದು. ಅರ್ಥ: ಹೂಡು, ಕಟ್ಟು, ಜೊತೆಗೂಡಿಸು. ಇದರಿಂದಾದ *ಯುಗೋಮ್ ಎಂಬ ನಾಮಪದಕ್ಕೆ ನೊಗ ಎಂದರ್ಥ. ಮುಂದಿರುವ ನಕ್ಷತ್ರ ಚಿಹ್ನೆ, ಈ ರೂಪ ಯಾವ ಶಾಸನದಲ್ಲೂ ಓಲೆಯಲ್ಲೂ ಸಿಕ್ಕಿದ್ದಲ್ಲ, ಸಂತತಿಯ ಭಾಷೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಪಡೆದದ್ದು ಎಂಬುದರ ಗುರುತು. ಅದನ್ನು ರೂಢಿಗೆ ತಂದವನು 19ನೆಯ ಶತಮಾನದ ಜರ್ಮನ್ ವಿದ್ವಾಂಸ ಆಗಸ್ಟ್ ಶ್ಲೈಷರ್.

ನೊಗವನ್ನು ಸೂಚಿಸುವ ಪದ ಈ ಕುಟುಂಬದ ಬಹುಪಾಲು ಶಾಖೆಗಳಲ್ಲಿ ಉಳಿದುಬಂದಿದೆ: ಸಂಸ್ಕೃತದ ಯುಗ, ಗ್ರೀಕಿನ ಜ಼ುಗೋನ್, ಲ್ಯಾಟಿನ್ನಿನ ಯುಗುಮ್, ಗಾಥಿಕ್‌ನ ಯುಕ್, ಹಳೆಯ ಸ್ಲಾವಿಕ್‌ನ ಇಗೊ, ಇಂಗ್ಲಿಷಿನ ಯೋಕ್. ಇಂಗ್ಲಿಷ್ ಮತ್ತು ಗಾಥಿಕ್ ರೂಪಗಳ ಕೊನೆಯ ಕಕಾರ ಆಕಸ್ಮಿಕವಲ್ಲ. ಮೂಲದ ಗಕಾರ ಜರ್ಮಾನಿಕ್ ಶಾಖೆಯಲ್ಲಿ ಕಕಾರವಾಗುವುದು ಗ್ರಿಮ್ ನಿಯಮದ ಒಂದು ಭಾಗ. 1915ರಲ್ಲಿ ಬೆಡ್ರಿಕ್ ಹ್ರೋಜ್ನಿ ಹಿಟೈಟ್ ಭಾಷೆಯನ್ನು ಬಿಡಿಸಿದ ಮೇಲೆ, ಇಂದಿನ ಟರ್ಕಿಯಲ್ಲಿ ದೊರೆತ ಜೇಡಿಮಣ್ಣಿನ ಫಲಕಗಳಲ್ಲೂ ಯುಕನ್ ಎಂಬ ಪದ ನೊಗದ ಅರ್ಥದಲ್ಲೇ ಕಾಣಿಸಿತು. ಲೆಕ್ಕ ಹಾಕಿದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಗ್ರೀಕ್ ರೂಪ ಮಾತ್ರ ತೊಡಕಿನದು. ಮೂಲದ ಪದಾದಿ ಯಕಾರ ಅಲ್ಲಿ ಕೆಲವೆಡೆ ಹಕಾರವಾಗಿದೆ: ಸಂಸ್ಕೃತದ ಯಕೃತ್ತಿಗೆ ಗ್ರೀಕಿನಲ್ಲಿ ಹೇಪಾರ್ (ಹೆಪಟೈಟಿಸ್ ಬಂದದ್ದು ಅದರಿಂದ). ನೊಗದ ಪದದಲ್ಲಿ ಅದೇ ಯಕಾರ ಜ಼ಕಾರವಾಗಿದೆ. ಈ ಇಬ್ಬಗೆಗೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಹುಟ್ಟಿಲ್ಲ.

ಕ್ರಿಯಾರೂಪದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಂಸ್ಕೃತದ ಯುನಕ್ತಿ, ಯುಂಜಂತಿ ರೂಪಗಳಲ್ಲಿ ಧಾತುವಿನ ಹೊಟ್ಟೆಯೊಳಗೆ ಒಂದು ನಕಾರ ಸೇರಿಕೊಂಡಿದೆ. ಪಾಣಿನಿ ಇದನ್ನು ಶ್ನಮ್ ಎಂಬ ವಿಕರಣವೆಂದು ರುಧಾದಿ ಗಣಕ್ಕೆ ವಿಧಿಸಿದ. ಲ್ಯಾಟಿನ್ನಿನ ಯುಂಗುಂಟ್ (ಅವರು ಕೂಡಿಸುತ್ತಾರೆ) ರೂಪದಲ್ಲೂ ಅದೇ ನಕಾರ ಅದೇ ಜಾಗದಲ್ಲಿದೆ. ಪದಗಳನ್ನು ಒಂದು ಭಾಷೆ ಇನ್ನೊಂದರಿಂದ ಎರವಲು ತರಬಹುದು. ಧಾತುವನ್ನು ಸೀಳಿ ನಡುವೆ ಅಕ್ಷರ ಕೂರಿಸುವ ಪದ್ಧತಿ ಎರವಲಾಗುವುದು ತೀರ ಅಪರೂಪ. ಹಾಗಾಗಿ ರಕ್ತಸಂಬಂಧಕ್ಕೆ ಇದು ಬಲವಾದ ಪುರಾವೆ.

ಅರ್ಥ ಹಲವು ಕಡೆ ಹರಿದಿದೆ. ಋಗ್ವೇದದಲ್ಲಿ ಯುಗ ಎಂದರೆ ನೊಗವೂ ಹೌದು, ತಲೆಮಾರೂ ಹೌದು. ಕೃತ, ತ್ರೇತಾ ಮುಂತಾದ ಮಹಾಕಾಲಗಳ ಅರ್ಥ ಆಮೇಲಿನದು. ಯೋಗ ಶಬ್ದದ ಬಗ್ಗೆ ಹಳೆಯ ಜಗಳವೊಂದಿದೆ. ಧಾತುಪಾಠದಲ್ಲಿ ಕೂಡುವಿಕೆಯ ಅರ್ಥದ ಯುಜ್ ಬೇರೆ, ಸಮಾಧಿಯ ಅರ್ಥದ ಯುಜ್ ಬೇರೆ. ಪತಂಜಲಿಯ ಯೋಗ ಎರಡನೆಯದರಿಂದಲೇ ಬಂದದ್ದೆಂದು ವಾಚಸ್ಪತಿಮಿಶ್ರ ವಾದಿಸಿದ. ತೌಲನಿಕ ಭಾಷಾಶಾಸ್ತ್ರ ಎರಡನ್ನೂ ಒಂದೇ ಧಾತುವೆಂದು ಎಣಿಸುತ್ತದೆ. ರೋಮನ್ನರಿಗೆ ನೊಗ ಅವಮಾನದ ನೆನಪು: ಕ್ರಿ.ಪೂ. 321ರಲ್ಲಿ ಕಾಡಿಯಂ ಕಣಿವೆಯಲ್ಲಿ ಸ್ಯಾಮ್ನೈಟರಿಗೆ ಶರಣಾದ ರೋಮನ್ ಸೈನ್ಯ, ಈಟಿಗಳಿಂದ ಕಟ್ಟಿದ ನೊಗದಡಿ ತಲೆ ತಗ್ಗಿಸಿ ಹಾದುಹೋಗಬೇಕಾಯಿತು. ಅಧೀನಗೊಳಿಸು ಎಂಬರ್ಥದ ಇಂಗ್ಲಿಷಿನ ಸಬ್ಜುಗೇಟ್ ಪದ ಹುಟ್ಟಿದ್ದು ಇಂಥ 'ನೊಗದಡಿ' ಎಂಬ ಕಲ್ಪನೆಯಿಂದ. ಅದೇ ಲ್ಯಾಟಿನ್ನಿನಲ್ಲಿ ಗಂಡನಿಗಾಗಲಿ ಹೆಂಡತಿಗಾಗಲಿ ಕೊನ್‌ಯುಂಕ್ಸ್ ಎಂಬ ಹೆಸರು. ನಮ್ಮವರು ದಂಪತಿಗಳನ್ನು ಜೋಡೆತ್ತು ಎನ್ನುವುದೂ ಅದೇ ಚಿತ್ರ.

ಕನ್ನಡ ದ್ರಾವಿಡ ಭಾಷೆ. ಈ ಧಾತು ಅದಕ್ಕೆ ಪಿತ್ರಾರ್ಜಿತವಲ್ಲ, ಬೇರೆ ಬೇರೆ ಬಾಗಿಲುಗಳಿಂದ ಒಳಬಂದದ್ದು. ಸಂಸ್ಕೃತದಿಂದ ಯುಗಾದಿ, ಉದ್ಯೋಗ, ಪ್ರಯೋಗ, ವಿಯೋಗ, ಯುಗಳ. ಅದೇ ಯುಗಳ ಉತ್ತರದ ಭಾಷೆಗಳಲ್ಲಿ ಜುಗಲ್ ಆಗಿ, ಜುಗಲ್‌ಬಂದಿಯೊಡನೆ ಸಂಗೀತ ಸಭೆಗೆ ಬಂತು. ಲ್ಯಾಟಿನ್ನಿನ ಕವಲು ಇಂಗ್ಲಿಷಿನ ಮೂಲಕ ರೈಲ್ವೆ ಜಂಕ್ಷನ್ ಆಯಿತು. ಗ್ರೀಕ್ ಕವಲಿನ ಜ಼ೈಗೋಟ್‌ಗೆ ಜೀವಶಾಸ್ತ್ರದವರು ಇಟ್ಟಿರುವ ಯುಗ್ಮಜ ಎಂಬ ಹೆಸರೂ ಅದೇ ಧಾತುವಿನ ಕೂಸು.

ಕನ್ನಡದ ನೊಗಕ್ಕೆ ತಮಿಳಿನಲ್ಲಿ ನುಗಂ ಎಂಬ ಜೊತೆಗಾರ ಪದವಿದೆ. ಯುಗದೊಡನೆ ಇವುಗಳ ಧ್ವನಿಸಾಮ್ಯ ಯಾರಿಗಾದರೂ ಹೊಳೆಯುತ್ತದೆ. ಸಂಸ್ಕೃತದ ಯಮ ತಮಿಳಿನಲ್ಲಿ ನಮನ್ ಆಗಿರುವುದರಿಂದ, ನೊಗವೂ ಹಾಗೆ ಬಂದ ಎರವಲಾಗಿದ್ದರೆ ಆಶ್ಚರ್ಯವಿಲ್ಲ.