ಅಷ್ಟೂರಿಗೊಂದು ಅಳತೆ, ಕೌದಿಗೊಂದು ಅಳತೆ: ಆಫ್ರಿಕನ್ ಕಲಾಪ್ರದರ್ಶನಗಳಲ್ಲಿ ಸಿದ್ದಿ–ಹಬಶಿ ಪರಂಪರೆ

ದಖ್ಖನ್ನಿನ ಆಫ್ರಿಕನ್ನರ ರಾಜಕೀಯ ಇತಿಹಾಸದ ಸ್ಥೂಲರೇಖೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ. ಬೀದರಿನ ಹಬ್ಸಿಕೋಟೆಯನ್ನು ಗುಲಾಮ್ ಯಜ್ದಾನಿ 1947ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬಹಮನಿ ಆಸ್ಥಾನದ ಬಣಗಳನ್ನು ಎಚ್. ಕೆ. ಶೇರ್ವಾನಿ ವಿವರಿಸಿದ್ದಾರೆ. ಮಲಿಕ್ ಅಂಬರನ ಬದುಕಿನ ಮೂಲಕ ಸೈನಿಕ ಗುಲಾಮಗಿರಿಯ ಸ್ವರೂಪವನ್ನು ರಿಚರ್ಡ್ ಈಟನ್ 2005ರಲ್ಲಿ ವಿಶ್ಲೇಷಿಸಿದ್ದಾರೆ. ಸಿಲ್ವಿಯಾನ್ ಡಿಯೂಫ್ ಮತ್ತು ಕೆನೆತ್ ರಾಬಿನ್ಸ್ ರೂಪಿಸಿದ ‘ಆಫ್ರಿಕನ್ಸ್ ಇನ್ ಇಂಡಿಯಾ’ ಪ್ರದರ್ಶನ 2013ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ನಡೆದು, ಮರುವರ್ಷ ದಿಲ್ಲಿಗೆ ಬಂದಾಗ ಈ ಇತಿಹಾಸ ಸಾರ್ವಜನಿಕರಿಗೂ ತಲುಪಿತು.

ಇತ್ಯರ್ಥವಾಗದೆ ಉಳಿದಿರುವುದು ಕಲೆಯ ಪ್ರಶ್ನೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳನ್ನು ಅಮೆರಿಕದ ಗ್ಯಾಲರಿಗಳಿಗೆ ಒಯ್ದವರು ಹೆನ್ರಿ ಡ್ರೂವಲ್. ಯೊರುಬಾ ಕಲೆಯ ಹೆಸರಾಂತ ತಜ್ಞರಾದ ಅವರು ‘ಸೋಲ್‌ಫುಲ್ ಸ್ಟಿಚಿಂಗ್’ ಪ್ರದರ್ಶನದ ಉಪಶೀರ್ಷಿಕೆಯಲ್ಲಿ ಸಿದ್ದಿಯರನ್ನು ‘ಭಾರತದಲ್ಲಿರುವ ಆಫ್ರಿಕನ್ನರು’ ಎಂದೇ ಕರೆದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಈ ಹೊಲಿಗೆಗಾರ್ತಿಯರಿಗೆ ಅದರಿಂದ ದೊರೆತ ಮನ್ನಣೆ ದೊಡ್ಡದು. ನನ್ನ ಭಿನ್ನಾಭಿಪ್ರಾಯ ಆ ಶೀರ್ಷಿಕೆ ನೋಡುಗನಲ್ಲಿ ಹುಟ್ಟಿಸುವ ನಿರೀಕ್ಷೆಯ ಕುರಿತು. ಕೌದಿಯ ಬಣ್ಣ, ಬಟ್ಟೆಚೂರುಗಳ ಜೋಡಣೆಯಲ್ಲಿ ಆಫ್ರಿಕನ್ ರೂಪಪ್ರಜ್ಞೆ ಉಳಿದಿದೆ ಎಂಬ ಓದಿಗೆ ಅದು ದಾರಿ ಮಾಡಿಕೊಡುತ್ತದೆ. ಈ ಓದಿಗೆ ಆಧಾರವೆಷ್ಟು?

ಮೊದಲು ಕೌದಿಯನ್ನೇ ನೋಡೋಣ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಚೂರುಗಳನ್ನಿಟ್ಟು, ಉದ್ದಕ್ಕೂ ಓಡುಹೊಲಿಗೆ ಹಾಕುವ ವಿಧಾನ ಸಿದ್ದಿಯರದು ಮಾತ್ರವಲ್ಲ; ಬೀದರ, ಕಲಬುರಗಿ, ಧಾರವಾಡ ಸೀಮೆಯ ಮನೆಗಳಲ್ಲೂ ಅದು ರೂಢಿಯಲ್ಲಿದೆ. ಸಿದ್ದಿ ಕೌದಿಗೆ ತನ್ನದೇ ಲಕ್ಷಣಗಳಿವೆ, ನಿಜ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ, ನಾಲ್ಕು ಮೂಲೆಗಳಲ್ಲಿ ಮಡಚಿ ಕೂರಿಸುವ ಹೂವು, ಕ್ರೈಸ್ತರ ಮನೆಯಲ್ಲಿ ಶಿಲುಬೆ, ಮುಸ್ಲಿಮರ ಮನೆಯಲ್ಲಿ ಚಂದ್ರ. ಆದರೆ ವಿಶಿಷ್ಟವಾದದ್ದೆಲ್ಲ ಆಫ್ರಿಕದಿಂದ ಬಂದದ್ದಾಗಬೇಕಿಲ್ಲ. ನೆರೆಮನೆಯ ಕೌದಿಯನ್ನು ಪಕ್ಕದಲ್ಲಿಟ್ಟು ಹೋಲಿಸದ ಹೊರತು ಯಾವ ಲಕ್ಷಣ ಎಲ್ಲಿಯದೆಂದು ಹೇಳಲಾಗದು. ಆಫ್ರಿಕನ್–ಅಮೆರಿಕನ್ ಕೌದಿಗಳೊಡನೆ ಕಾಣುವ ಸಾಮ್ಯವೂ ಇದನ್ನು ನಿರ್ಣಯಿಸದು; ಉಳಿಕೆ ಬಟ್ಟೆಯಿಂದ ಹೊದಿಕೆ ಮಾಡುವ ಅಗತ್ಯವೇ ಎರಡೂ ಕಡೆ ಅಂಥ ಜೋಡಣೆಯನ್ನು ಹುಟ್ಟಿಸಬಲ್ಲದು.

ಎರಡನೆಯ ಆಧಾರ ಬೀದರಿನದು. ಹದಿನೈದನೆಯ ಶತಮಾನದ ಬಹಮನಿ ಆಸ್ಥಾನದಲ್ಲಿ ಇರಾನ್ ಕಡೆಯಿಂದ ಬಂದ ಆಫಾಕಿಗಳು ಒಂದು ಬಣವಾದರೆ, ಹಬಶಿಗಳು ದಖನಿಗಳ ಜೊತೆ ನಿಂತರು. 1481ರಲ್ಲಿ ಮಹಮೂದ್ ಗವಾನನ ಕೊಲೆಗೆ ಕಾರಣವಾದದ್ದು ಈ ವೈಷಮ್ಯವೇ. ಸಮುದ್ರದಾಚೆಯಿಂದ ಬಂದವರಾದರೂ ಹಬಶಿಗಳು ರಾಜಕೀಯವಾಗಿ ಈ ನೆಲದವರ ಪಾಳಯದಲ್ಲಿದ್ದರು. ಅಧಿಕಾರ ಕೈಗೆ ಬಂದಾಗ ಅವರು ಕಟ್ಟಿಸಿದ್ದೂ ಈ ನೆಲದ ಶೈಲಿಯಲ್ಲೇ. ಖುಲ್ದಾಬಾದಿನ ಮಲಿಕ್ ಅಂಬರನ ಗೋರಿ ದಖನಿ ಗುಮ್ಮಟ. 1573ರ ಅಹಮದಾಬಾದಿನ ಸಿದಿ ಸಯ್ಯದ್ ಮಸೀದಿಯ ಜಾಲಂಧ್ರ ಗುಜರಾತಿನ ಕಲ್ಲುಕುಸುರಿ. ಶೈಲಿಯಲ್ಲಿ ಆಫ್ರಿಕವನ್ನು ಹುಡುಕಿದವನಿಗೆ ಇಲ್ಲಿ ಏನೂ ಸಿಗದು. ಕಟ್ಟಿಸಿದವನ ಹೆಸರನ್ನು ಕೇಳಿದವನಿಗೆ ಇಡೀ ಇತಿಹಾಸವೇ ಸಿಗುತ್ತದೆ.

ಅಷ್ಟೂರನ್ನು ಇಲ್ಲಿ ತರುವುದು ಈ ಕಾರಣಕ್ಕೆ. ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಶಾ ವಲಿಯ ಗುಮ್ಮಟ ಇರುವುದು ಅಲ್ಲೇ; ಅದರ ಒಳಗೋಡೆಗಳಲ್ಲಿ ಪರ್ಷಿಯನ್ ಸುಲೇಖನವಿದೆ, ಕಿರ್ಮಾನಿನ ಶಾ ನಿಯಾಮತುಲ್ಲಾರ ಗುರುಪರಂಪರೆಯಿದೆ. ವರ್ಷಕ್ಕೊಮ್ಮೆ ಅಲ್ಲಿನ ಜಾತ್ರೆಗೆ ಜಂಗಮರೂ ಬರುತ್ತಾರೆ. ಇರಾನಿನ ಪ್ರಭಾವವನ್ನು ಎಲ್ಲರೂ ಒಪ್ಪುತ್ತಾರೆ. ಆದರೂ ಯಾರೂ ಅಷ್ಟೂರನ್ನು ‘ಇರಾನಿ ಕಲೆ’ ಎನ್ನುವುದಿಲ್ಲ, ದಖನಿ ಕಲೆ ಎನ್ನುತ್ತಾರೆ. ದೊರೆಗಳ ಗೋರಿಗೆ ಸಲ್ಲುವ ಈ ಸ್ಥಳೀಯತೆ ಸಿದ್ದಿ ಹೆಣ್ಣುಮಗಳ ಕೌದಿಗೂ ಸಲ್ಲಬೇಕು. ಅದು ಆಫ್ರಿಕದ ವಂಶಜರು ಸೃಷ್ಟಿಸಿದ ಕರ್ನಾಟಕದ ಕಲೆ ಎಂಬುದು ನನ್ನ ಪ್ರತಿಪಾದನೆ.

ಇದಕ್ಕೆ ಮೂರು ಮಿತಿಗಳನ್ನು ಹಾಕಲೇಬೇಕು. ಒಂದು, ಆಫ್ರಿಕದ ಸ್ಮೃತಿ ಅಳಿದುಹೋಯಿತೆಂದು ನಾನು ಹೇಳುತ್ತಿಲ್ಲ. ಗುಜರಾತಿನ ಸಿದ್ದಿಯರ ಮಲುಂಗಾ ಎಂಬ ಬಿಲ್ಲುವಾದ್ಯದ ಆಫ್ರಿಕನ್ ನಂಟು ಗಟ್ಟಿಯಾದದ್ದು. ಉತ್ತರ ಕನ್ನಡದ ಡಮಾಮಿ ಕುಣಿತವನ್ನೂ ಆ ದಿಕ್ಕಿನಲ್ಲಿ ಪರಿಶೀಲಿಸಬೇಕು. ವಾದ್ಯಕ್ಕೆ ಒಪ್ಪುವ ಮಾತು ಬಟ್ಟೆಗೂ ಒಪ್ಪುತ್ತದೆಂದು ಊಹಿಸಬಾರದು, ಅಷ್ಟೇ. ಎರಡು, ಸಿದ್ದಿಯರು ತಮ್ಮನ್ನು ಆಫ್ರಿಕದ ಮಕ್ಕಳೆಂದು ಹೆಮ್ಮೆಯಿಂದ ಗುರುತಿಸಿಕೊಂಡರೆ ಆ ಹಕ್ಕು ಅವರದು. ನನ್ನ ಆಕ್ಷೇಪ ಶೈಲಿನಿರ್ಣಯಕ್ಕೆ ಸೀಮಿತ. ಮೂರು, ಬೀದರಿನ ಹಬಶಿಗಳಿಗೂ ಯಲ್ಲಾಪುರದ ಸಿದ್ದಿಯರಿಗೂ ಒಂದೇ ವಂಶದ ಎಳೆ ಎಳೆಯಲಾಗದು. ಮೊದಲಿನವರ ಮೂಲ ಬಹುಮಟ್ಟಿಗೆ ಇಥಿಯೋಪಿಯಾ ಕಡೆಯದು. ಎರಡನೆಯವರಲ್ಲಿ ಹಲವರ ಪೂರ್ವಿಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಬೀದರ ಇಲ್ಲಿ ಹೋಲಿಕೆಗೆ ಮಾತ್ರ, ಮೂಲಕ್ಕಲ್ಲ.

ಈ ಮಿತಿಗಳೊಳಗೆ ಒಂದು ಸಲಹೆ. ಬೀದರ ಕೋಟೆಯ ಹಳೆಯ ಹಮಾಮಿನಲ್ಲಿರುವ ವಸ್ತುಸಂಗ್ರಹಾಲಯದಂಥ ಕಡೆ ಹಬ್ಸಿಕೋಟೆಯ ದಾಖಲೆ, ಸಿದ್ದಿ ಕೌದಿ, ಅದರ ಪಕ್ಕದಲ್ಲೇ ಔರಾದ ಅಥವಾ ಭಾಲ್ಕಿ ಸೀಮೆಯ ಕೌದಿಯನ್ನು ಒಟ್ಟಿಗೆ ಪ್ರದರ್ಶಿಸಬೇಕು. ಫಲಕದಲ್ಲಿ ಹೊಲಿದವಳ ಊರು, ಅವಳ ಒಪ್ಪಿಗೆಯಿದ್ದರೆ ಹೆಸರೂ ಇರಬೇಕು. ಮೂಲೆಯ ಹೂವಿನಂಥ ಲಕ್ಷಣಗಳು ನೆರೆಯ ಸಮುದಾಯಗಳಲ್ಲಿ ಎಷ್ಟರ ಮಟ್ಟಿಗೆ ಹರಡಿವೆ ಎಂಬ ಸಮೀಕ್ಷೆ ಇನ್ನೂ ವ್ಯವಸ್ಥಿತವಾಗಿ ನಡೆಯಬೇಕಿದೆ. ಆ ಸಮೀಕ್ಷೆ ಸಿದ್ದಿ ಕೌದಿಗೆ ಸ್ಪಷ್ಟ ಆಫ್ರಿಕನ್ ಮೂಲವನ್ನು ತೋರಿಸಿದರೆ ಇಲ್ಲಿನ ವಾದವನ್ನು ಆ ಮಟ್ಟಿಗೆ ತಿದ್ದಬೇಕಾಗುತ್ತದೆ.