ಸ್ವಲೀನತೆಯ ಇತಿಹಾಸದಲ್ಲಿ ಆಪ್ತವಾಕ್ಯದ ವಿಚಾರ

ನೈಯಾಯಿಕರು ಪ್ರಮಾಣಗಳನ್ನು ನಾಲ್ಕೆಂದು ಎಣಿಸಿ, ಅವುಗಳಲ್ಲಿ ಕಡೆಯದಾದ ಶಬ್ದಪ್ರಮಾಣಕ್ಕೆ ಆಪ್ತನ ಮಾತನ್ನೇ ಆಧಾರವಾಗಿ ಇಟ್ಟಿರುವರೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಆಗಿದೆ. ಆಪ್ತನೆಂದರೆ ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡರಿತವನು. ಕಂಡುದನ್ನು ಕಂಡಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರನಾದ ವಾತ್ಸ್ಯಾಯನನು ಇಷ್ಟಕ್ಕೇ ನಿಲ್ಲದೆ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳಿರುವನು. ಕುಲವಾಗಲಿ ಪದವಿಯಾಗಲಿ ಆಪ್ತತ್ವಕ್ಕೆ ಕಾರಣವಲ್ಲವೆಂಬ ಈ ಮಾತು ನಮ್ಮ ಪಾಠಶಾಲೆಗಳಲ್ಲಿ ಬಹುಮಟ್ಟಿಗೆ ವಾಕ್ಯಾರ್ಥದ ಸರಕಾಗಿಯೇ ಉಳಿದುಹೋಗಿದೆ. ಅದರ ನಿಜವಾದ ಭಾರವು ತಿಳಿಯಬೇಕಾದರೆ, ಆಟಿಸಂ ಎಂದು ಇಂಗ್ಲಿಷಿನಲ್ಲಿಯೂ ಸ್ವಲೀನತೆಯೆಂದು ಕನ್ನಡದಲ್ಲಿಯೂ ಕರೆಯಲ್ಪಡುವ ಸ್ಥಿತಿಯನ್ನು ಲೋಕವು ಅರಿತುಕೊಂಡ ಬಗೆಯನ್ನು ನೋಡಬೇಕು. ಯಾರ ಮಾತನ್ನು ನಂಬಬೇಕೆಂಬ ಪ್ರಶ್ನೆಯು ಅಲ್ಲಿ ಸಾವಿರಾರು ಮನೆಗಳ ಸುಖದುಃಖಗಳನ್ನು ನಿರ್ಣಯಿಸಿತು.

ಮೊದಲು ಹೆಸರಿನ ವಿಚಾರ. ಗ್ರೀಕು ಭಾಷೆಯಲ್ಲಿ 'ತಾನು' ಎಂಬರ್ಥವುಳ್ಳ ಶಬ್ದದಿಂದ ಈ ಪದವನ್ನು ಕಟ್ಟಿದವನು ಸ್ವಿಟ್ಜರ್ಲೆಂಡಿನ ವೈದ್ಯನಾದ ಬ್ಲಾಯ್ಲರನು. ೧೯೧೧ರ ತನ್ನ ಗ್ರಂಥದಲ್ಲಿ ಆತನು ಇದನ್ನು ಪ್ರಯೋಗಿಸಿದುದು ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರದ ಒಂದು ಲಕ್ಷಣಕ್ಕೆ. ಹಳೆಯ ಹೆಸರು ಹೊಸ ವಸ್ತುವಿಗೆ ಅಂಟಿದುದರಿಂದ, ಮಕ್ಕಳ ಈ ಸ್ಥಿತಿಯೂ ಆ ವಿಕಾರದ ಒಂದು ಭೇದವೇ ಎಂಬ ಭ್ರಾಂತಿಯು ದಶಕಗಳವರೆಗೆ ನಿಂತಿತು. ಕನ್ನಡದ ಪದವು ಗ್ರೀಕನ್ನು ಪ್ರಾಮಾಣಿಕವಾಗಿ ಅನುಸರಿಸಿ, ಅದರ ದೋಷವನ್ನೂ ತನ್ನದಾಗಿಸಿಕೊಂಡಿದೆ. ತನ್ನಲ್ಲಿಯೇ ಲಯವಾಗಿರುವುದೆಂದು ಹೇಳಲ್ಪಡುವ ಮಗುವು ಅನೇಕ ವೇಳೆ ಜೊತೆಯನ್ನು ಬಯಸುತ್ತದೆ. ಬಯಕೆಯನ್ನು ತೋರುವ ಮಾರ್ಗವು ಮಾತ್ರ ಬೇರೆಯಾಗಿರುತ್ತದೆ.

ಇಂತಹ ಬಾಲಕರು ಆರು ಮಂದಿಯ ವರ್ಣನೆಯನ್ನು ಮಾಸ್ಕೋ ನಗರದ ಸುಖರೇವಾ ಎಂಬ ವೈದ್ಯೆಯು ೧೯೨೫ರಲ್ಲಿ ರಷ್ಯನ್ ಭಾಷೆಯಲ್ಲಿಯೂ ಮರುವರ್ಷ ಜರ್ಮನ್ ಭಾಷೆಯಲ್ಲಿಯೂ ಪ್ರಕಟಿಸಿದಳು. ಅದು ಇಂಗ್ಲಿಷಿಗೆ ಬಂದುದು ೧೯೯೬ರಲ್ಲಿ. ಅಲ್ಲಿಯವರೆಗೆ ಅದು ಇದ್ದೂ ಇಲ್ಲದಂತಾಗಿತ್ತು.

ಪ್ರಸಿದ್ಧವಾದ ಆರಂಭವು ಬೇರೆಡೆಯಲ್ಲಿದೆ. ಅಮೆರಿಕಾ ದೇಶದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಮಕ್ಕಳ ಮಾನಸಚಿಕಿತ್ಸೆಯ ವಿಭಾಗವನ್ನು ಸ್ಥಾಪಿಸಿದ್ದ ಲಿಯೋ ಕ್ಯಾನರನಿಗೆ ೧೯೩೮ರಲ್ಲಿ ಮಿಸಿಸಿಪಿ ಪ್ರಾಂತದ ಒಬ್ಬ ವಕೀಲನಿಂದ ಪತ್ರವೊಂದು ಬಂದಿತು. ಬೆರಳಚ್ಚಿನಲ್ಲಿ ೩೩ ಪುಟಗಳಷ್ಟಿದ್ದ ಆ ಪತ್ರದಲ್ಲಿ, ಐದು ವರ್ಷದ ತನ್ನ ಮಗನು ಏನೇನು ಮಾಡುವನು, ಏನೇನು ಮಾಡನು ಎಂಬುದನ್ನು ತಂದೆಯು ಒಂದೊಂದಾಗಿ ಬರೆದಿದ್ದನು. ಎರಡು ವರ್ಷದ ಹೊತ್ತಿಗೇ ಆ ಹುಡುಗನಿಗೆ ಕ್ರೈಸ್ತಮತದ ೨೫ ಪ್ರಶ್ನೋತ್ತರಗಳು ಕಂಠಸ್ಥವಾಗಿದ್ದವು. ಆದರೆ ತಾಯಿತಂದೆಗಳು ಬಂದರೂ ಹೋದರೂ ಆತನು ಗಮನಿಸುತ್ತಿರಲಿಲ್ಲ. ಉರುಳುವ ವಸ್ತುಗಳನ್ನು ತಿರುಗಿಸುತ್ತ ಕುಳಿತಿರುವುದೇ ಆತನಿಗೆ ಸಂತೋಷ. ತನ್ನನ್ನು ಕುರಿತು ಹೇಳಬೇಕಾದಲ್ಲಿ ಉತ್ತಮಪುರುಷವನ್ನು ಬಿಟ್ಟು ಮಧ್ಯಮಪುರುಷವನ್ನು ಬಳಸುತ್ತಿದ್ದನು. ವೈಯಾಕರಣರಿಗೆ ಇದು ಕುತೂಹಲದ ಸಂಗತಿ: 'ನಿನಗೆ ಹಾಲು ಬೇಕೆ' ಎಂಬ ವಾಕ್ಯವನ್ನು ಹಾಲು ಸಿಕ್ಕಿದ ಸಂದರ್ಭದಲ್ಲಿ ಕೇಳಿದ ಮಗುವು, ವಾಕ್ಯವನ್ನು ಒಡೆಯದೆ ಇಡಿಯಾಗಿಯೇ ಗ್ರಹಿಸಿ, ಹಾಲು ಬೇಕಾದಾಗ ಅದನ್ನೇ ಹಿಂದಿರುಗಿಸುತ್ತದೆ. ಇಂತಹ ೧೧ ಮಕ್ಕಳ, ಎಂದರೆ ೮ ಗಂಡು ೩ ಹೆಣ್ಣುಮಕ್ಕಳ, ವೃತ್ತಾಂತವನ್ನು ಕ್ಯಾನರನು ೧೯೪೩ರಲ್ಲಿ ಪ್ರಕಟಿಸಿದನು. ಆ ಲೇಖನದ ಮೊದಲನೆಯ ವೃತ್ತಾಂತಕ್ಕೆ ಮೂಲವು ಬಹುಭಾಗ ಆ ಪತ್ರವೇ. ಈ ಶಾಸ್ತ್ರದ ಮೊದಲನೆಯ ಆಪ್ತನು ವೈದ್ಯನಲ್ಲ, ಮಗುವಿನ ತಂದೆ.

ಆದರೆ ಆ ತಂದೆತಾಯಿಗಳೇ ಬೇಗನೆ ಆರೋಪಿಗಳಾದರು. ಮಕ್ಕಳಿಗೆ ಇದು ಹುಟ್ಟಿನಿಂದಲೇ ಬಂದುದೆಂದು ೧೯೪೩ರಲ್ಲಿ ಬರೆದಿದ್ದ ಕ್ಯಾನರನು, ೧೯೪೯ರಲ್ಲಿ ಆ ಮಕ್ಕಳು ರೆಫ್ರಿಜಿರೇಟರೆಂಬ ಶೈತ್ಯಪೆಟ್ಟಿಗೆಯಲ್ಲಿ ಇಡಲ್ಪಟ್ಟವರಂತೆ ಬೆಳೆದರೆಂಬ ಉಪಮೆಯನ್ನು ಕೊಟ್ಟನು. ಒಂದು ಉಪಮೆಯು ಹೇತುವಿನ ಸ್ಥಾನವನ್ನು ಆಕ್ರಮಿಸಿದರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆಯು ಬೇಕಿಲ್ಲ. ಷಿಕಾಗೋ ನಗರದ ಬ್ರೂನೋ ಬೆಟಲ್‌ಹೈಮನು ೧೯೬೭ರಲ್ಲಿ ಪ್ರಕಟಿಸಿದ ಗ್ರಂಥವು ಈ ಮತವನ್ನು ಮನೆಮನೆಗೆ ಮುಟ್ಟಿಸಿತು. ಆತನು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದುದು ತತ್ತ್ವಶಾಸ್ತ್ರದಲ್ಲಿ. ನಾಟ್ಸಿಗಳ ಸೆರೆಶಿಬಿರಗಳಲ್ಲಿ ಸ್ವತಃ ನರಳಿದವನು. ಅಲ್ಲಿ ಕಂಡ ಬಂದಿಗಳ ಮನಃಸ್ಥಿತಿಯನ್ನು ಈ ಮಕ್ಕಳಿಗೆ ಹೋಲಿಸಿದನು. ಆ ಸಾಮ್ಯವನ್ನು ಒಪ್ಪಿದರೆ ಸೆರೆಯ ಕಾವಲುಗಾರರ ಸ್ಥಾನಕ್ಕೆ ತಾಯಿಯೇ ಬರಬೇಕಾಗುತ್ತದೆ. ಮಗುವಿನ ಸಂಗಡ ಹಗಲಿರುಳು ಇದ್ದು ಎಲ್ಲವನ್ನೂ ಕಂಡವಳ ಮಾತು ಅಪ್ರಮಾಣವಾಯಿತು.

ಇದನ್ನು ಮುರಿದವರೂ ತಂದೆತಾಯಿಗಳೇ. ಅಮೆರಿಕಾ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞನಾಗಿದ್ದ ಬರ್ನಾರ್ಡ್ ರಿಮ್ಲೆಂಡನು ತನ್ನ ಮಗನ ನಿಮಿತ್ತವಾಗಿ ಸಿಕ್ಕಿದುದನ್ನೆಲ್ಲ ಓದಿ, ದೋಷವು ತಾಯಿಯದಲ್ಲ, ಶರೀರಮೂಲವಾದುದು ಎಂದು ೧೯೬೪ರ ಗ್ರಂಥದಲ್ಲಿ ವಾದಿಸಿದನು. ಅದಕ್ಕೆ ಮುನ್ನುಡಿ ಬರೆದವನು ಕ್ಯಾನರನೇ ಎಂಬುದು ಗಮನಾರ್ಹ. ಗ್ರಂಥದ ಕೊನೆಯಲ್ಲಿದ್ದ ಪ್ರಶ್ನಾವಳಿಯನ್ನು ಅಪರಿಚಿತರಾದ ತಂದೆತಾಯಿಗಳು ತುಂಬಿ ಗ್ರಂಥಕರ್ತನಿಗೆ ಕಳುಹಿಸತೊಡಗಿದರು; ೧೯೬೫ರಲ್ಲಿ ಅವರದೊಂದು ರಾಷ್ಟ್ರೀಯ ಸಂಘವೇ ಏರ್ಪಟ್ಟಿತು. ಇಂಗ್ಲೆಂಡಿನಲ್ಲಿ ಇಂತಹದೇ ಸಂಘವು ೧೯೬೨ರಲ್ಲಿಯೇ ಹುಟ್ಟಿತ್ತು. ಅದರ ಸ್ಥಾಪಕರಲ್ಲಿ ಒಬ್ಬಳಾದ ಲೋರ್ನಾ ವಿಂಗ್ ಎಂಬಾಕೆಯು ವೈದ್ಯೆಯೂ ಹೌದು, ಇಂತಹ ಮಗಳ ತಾಯಿಯೂ ಹೌದು. ಆಕೆಯು ಜೂಡಿತ್ ಗೌಲ್ಡಳೊಡನೆ ೧೯೭೯ರಲ್ಲಿ ಪ್ರಕಟಿಸಿದ ಕ್ಯಾಂಬರ್‌ವೆಲ್ ಪ್ರದೇಶದ ಶೋಧನೆಯಿಂದ, ಇದು ಒಂದೇ ಅಚ್ಚಿನ ವ್ಯಾಧಿಯಲ್ಲ, ಅನೇಕ ತರತಮಗಳುಳ್ಳ ಪಂಕ್ತಿಯೆಂಬ ಭಾವನೆಯು ಬೆಳೆಯಿತು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಎಂಬವರು ೨೧ ಅವಳಿಜೋಡಿಗಳನ್ನು ಪರೀಕ್ಷಿಸಿದ್ದರು. ಏಕರೂಪದ ೧೧ ಜೋಡಿಗಳಲ್ಲಿ ೪ರಲ್ಲಿ ಇಬ್ಬರಿಗೂ ಸ್ವಲೀನತೆಯಿದ್ದಿತು. ಭಿನ್ನರೂಪದ ೧೦ರಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡು ಬಗೆಯ ಅವಳಿಗಳೂ ಬೆಳೆದುದು ತಮ್ಮತಮ್ಮ ತಾಯಿಯ ಒಂದೇ ಮಡಿಲಿನಲ್ಲಿ. ಹೀಗಿರಲು ಈ ವ್ಯತ್ಯಾಸಕ್ಕೆ ತಾಯಿಯ ನಡತೆಯು ಹೇತುವಾಗಲಾರದು. ಇದಕ್ಕೆ ಮೊದಲೇ, ೧೯೬೯ರಲ್ಲಿ, ವಾಷಿಂಗ್ಟನ್ನಿನಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಕ್ಯಾನರನು ತಂದೆತಾಯಿಗಳನ್ನು ಬಹಿರಂಗವಾಗಿ ದೋಷಮುಕ್ತರನ್ನಾಗಿ ಮಾಡಿದನು. ಆ ವೇಳೆಗೆ ಇಪ್ಪತ್ತು ವರ್ಷಗಳು ಕಳೆದಿದ್ದವು.

ಹಾಗೆಂದು ತಂದೆತಾಯಿಗಳ ಮಾತೆಲ್ಲವೂ ಪ್ರಮಾಣವೆಂದು ಹೇಳುವಂತಿಲ್ಲ. ಕಂಡುದನ್ನು ಹೇಳುವುದು ಬೇರೆ. ಕಂಡುದಕ್ಕೆ ಕಾರಣವನ್ನು ಊಹಿಸುವುದು ಬೇರೆ. ಲಂಡನ್ನಿನ ವೈದ್ಯನಾದ ವೇಕ್‌ಫೀಲ್ಡನು ೧೯೯೮ರಲ್ಲಿ ಕೇವಲ ೧೨ ಮಕ್ಕಳ ವೃತ್ತಾಂತವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ದಡಾರ ಮೊದಲಾದವುಗಳ ಲಸಿಕೆಗೂ ಸ್ವಲೀನತೆಗೂ ಸಂಬಂಧವಿರಬಹುದೆಂಬ ಸಂದೇಹವನ್ನು ಎಬ್ಬಿಸಿದನು. ಲಸಿಕೆಯ ವಯಸ್ಸೂ ಲಕ್ಷಣಗಳು ಕಾಣಿಸಿಕೊಳ್ಳುವ ವಯಸ್ಸೂ ಹತ್ತಿರಹತ್ತಿರವಾದುದರಿಂದ ಕಾಕತಾಳೀಯವು ಕಾರ್ಯಕಾರಣವಾಗಿ ತೋರಿತು. ಪತ್ರಿಕೆಯು ೨೦೧೦ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ವೈದ್ಯರ ಪಟ್ಟಿಯಿಂದ ಆತನ ಹೆಸರೂ ತೆಗೆಯಲ್ಪಟ್ಟಿತು. ಡೆನ್ಮಾರ್ಕಿನಲ್ಲಿ ೬,೫೭,೪೬೧ ಮಕ್ಕಳನ್ನು ಅನುಸರಿಸಿ ೨೦೧೯ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಅಂತಹ ಸಂಬಂಧವು ಕಂಡುಬರಲಿಲ್ಲ. ಶೋಚನೀಯವಾದ ಸಂಗತಿಯೆಂದರೆ, ತಾಯಂದಿರನ್ನು ಕಳಂಕದಿಂದ ಬಿಡಿಸಿದ ರಿಮ್ಲೆಂಡನೇ ಕಡೆಗಾಲದಲ್ಲಿ ಲಸಿಕೆಯ ವಾದವನ್ನು ಹಿಡಿದುದು. ಒಂದು ವಿಷಯದಲ್ಲಿ ಆಪ್ತನಾದವನು ಮತ್ತೊಂದರಲ್ಲಿ ಆಪ್ತನಾಗಬೇಕೆಂಬ ನಿಯಮವಿಲ್ಲ.

ನಮ್ಮ ದೇಶದಲ್ಲಿಯೂ ಕಾರ್ಯವು ನಡೆದುದು ಬಹುಮಟ್ಟಿಗೆ ಇದೇ ದಾರಿಯಲ್ಲಿ. ದೆಹಲಿಯಲ್ಲಿ ೧೯೯೧ರಲ್ಲಿ ಆಕ್ಷನ್ ಫಾರ್ ಆಟಿಸಂ ಎಂಬ ಸಂಸ್ಥೆಯನ್ನು ಆರಂಭಿಸಿದ ಮೇರಿ ಬರುವಾ ಅವರು ಇಂತಹ ಮಗನ ತಾಯಿ. ೧೯೯೫ರ ಅಂಗವಿಕಲರ ಕಾಯಿದೆಯು ಎಣಿಸಿದ್ದ ಏಳು ವೈಕಲ್ಯಗಳಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. ೧೯೯೯ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಅದನ್ನು ಹೆಸರಿಸಿ, ತಮ್ಮ ಕಾಲಾನಂತರ ಮಗುವಿನ ಗತಿಯೇನೆಂಬ ಚಿಂತೆಗೆ ಉತ್ತರವಾಗಿ, ಜಿಲ್ಲೆಯ ಸಮಿತಿಯ ಮೂಲಕ ಪಾಲಕರನ್ನು ನೇಮಿಸುವ ವ್ಯವಸ್ಥೆಯನ್ನು ಮಾಡಿತು. ೨೦೧೬ರ ಕಾಯಿದೆಯ ೨೧ ವೈಕಲ್ಯಗಳಲ್ಲಿ ಅದಕ್ಕೆ ಸ್ಥಾನವು ದೊರೆತಿದೆ. ಕನ್ನಡ ನಾಡಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇಂತಹ ಮಕ್ಕಳನ್ನು ಪರೀಕ್ಷಿಸಿ ಮನೆಯವರಿಗೆ ತಿಳಿವಳಿಕೆ ಕೊಡುವ ಸ್ಥಾನಗಳಾಗಿವೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯು ಸಿದ್ಧಪಡಿಸಿದ ಭಾರತೀಯ ಮಾಪನದಲ್ಲಿ ೪೦ ಅಂಶಗಳಿವೆ. ಪರೀಕ್ಷಕನು ಮಗುವನ್ನು ತಾನೇ ನೋಡಿ, ಉಳಿದುದನ್ನು ತಾಯಿತಂದೆಗಳನ್ನು ಕೇಳಿ, ಒಂದೊಂದು ಅಂಶಕ್ಕೂ ಒಂದರಿಂದ ಐದರವರೆಗೆ ಅಂಕವನ್ನು ಬರೆದುಕೊಳ್ಳುತ್ತಾನೆ.