ನೀರಿನಲ್ಲಿ ಕಾರು ನಿಂತುಹೋದರೆ ಕೂಡಲೇ ಮತ್ತೆ ಸ್ಟಾರ್ಟ್ ಮಾಡಬೇಕೆ? ಇಲ್ಲಿದೆ ಸತ್ಯಾಂಶ

ಸಾರಾಂಶ

ಮಳೆನೀರಿನಲ್ಲಿ ಎಂಜಿನ್ ಆಫ್ ಆದರೆ ಕೂಡಲೇ ಸ್ಟಾರ್ಟ್ ಮಾಡಿ ಮುಂದೆ ಹೋಗಬೇಕು, ಇಲ್ಲದಿದ್ದರೆ ಎಂಜಿನ್ ಕೆಡುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಹೀಗೆ ಮಾಡಿದರೆ ಸಣ್ಣ ತೊಂದರೆಯೂ ಲಕ್ಷಾಂತರ ರೂಪಾಯಿಯ ರಿಪೇರಿಯಾಗಬಹುದು.

ಎಂಜಿನ್ ಒಳಗೆ ಏನಾಗುತ್ತದೆ?

ಸೂಜಿ ತೆಗೆದ ಸಿರಿಂಜ್‌ನಲ್ಲಿ ಗಾಳಿ ತುಂಬಿಸಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಗಾಳಿ ಕುಗ್ಗುತ್ತದೆ. ನೀರು ತುಂಬಿಸಿ ಒತ್ತಿದರೆ ಒಂದಿಷ್ಟೂ ಕದಲುವುದಿಲ್ಲ. ಎಂಜಿನ್‌ನ ಸಿಲಿಂಡರ್‌ನಲ್ಲೂ ಇದೇ ಆಗುತ್ತದೆ.

1200 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ತೆಗೆದುಕೊಳ್ಳಿ. ಒಂದೊಂದು ಸಿಲಿಂಡರ್‌ಗೆ 300 ಸಿಸಿ. ಒಳಬಂದ ಗಾಳಿಯನ್ನು ಹತ್ತರಲ್ಲಿ ಒಂದು ಭಾಗಕ್ಕೆ ಒತ್ತುವ ಎಂಜಿನ್ ಇದಾದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಮಿ.ಲೀ. ಮಾತ್ರ. ಅದಕ್ಕಿಂತ ಹೆಚ್ಚು ನೀರು ಸೇರಿದರೆ ಪಿಸ್ಟನ್ ಮೇಲೇರಲಾಗದು. ಆದರೂ ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಈ ಜಾಗ ಇನ್ನೂ ಕಡಿಮೆ. ಇದನ್ನೇ ಮೆಕ್ಯಾನಿಕ್‌ಗಳು ಹೈಡ್ರೋಲಾಕ್ ಎನ್ನುತ್ತಾರೆ.

ನೀರು ಬರುವುದು ಸೈಲೆನ್ಸರ್‌ನಿಂದಲೇ ಎಂಬ ಮಾತೂ ಪೂರ್ತಿ ಸರಿಯಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪ್‌ನ ಬಾಯಿಯೇ ಮುಖ್ಯ ದಾರಿ. ಹಲವು ಕಾರುಗಳಲ್ಲಿ ಅದು ಮುಂದಿನ ಗ್ರಿಲ್ ಹಿಂದೆ ಇರುತ್ತದೆ. ಪಕ್ಕದಲ್ಲಿ ಬಸ್ ಹಾದುಹೋದಾಗ ಏಳುವ ಅಲೆಯೇ ಅದನ್ನು ಮುಟ್ಟಬಹುದು.

ಕಾರು ನಿಂತಾಗ ಏನು ಮಾಡಬೇಕು?

ಮೊದಲು ಜೀವ, ಆಮೇಲೆ ಕಾರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಮೃತಪಟ್ಟರು. ನೀರು ಏರುತ್ತಿದ್ದರೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಹೊರಬನ್ನಿ. ತಡವಾದರೆ ಪವರ್ ವಿಂಡೋ ಕೆಲಸ ಮಾಡದೇ ಹೋಗಬಹುದು.

ನೀರು ಕಡಿಮೆಯಿದ್ದರೆ ಇಗ್ನಿಷನ್ ಆಫ್ ಮಾಡಿ, ಫೋಟೊ ತೆಗೆದು, ಟೋಯಿಂಗ್ ವಾಹನ ಕರೆಸಿ. ತಳ್ಳಿ ಸ್ಟಾರ್ಟ್ ಮಾಡಬೇಡಿ.

ಗ್ಯಾರೇಜ್‌ನಲ್ಲಿ ಏನು ಕೇಳಬೇಕು?

• ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂದು ನಿಮ್ಮೆದುರೇ ತೆಗೆದು ತೋರಿಸಲು ಹೇಳಿ. ಒಣಗಿದ್ದರೆ ಎಂಜಿನ್‌ಗೆ ನೀರು ಹೋಗಿರುವ ಸಾಧ್ಯತೆ ಕಡಿಮೆ.

• ಡಿಪ್‌ಸ್ಟಿಕ್ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಅದರಲ್ಲಿ ನೀರು ಸೇರಿದೆ.

• ನೀರು ಹೋಗಿರುವ ಅನುಮಾನವಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಸ್ಟಾರ್ಟ್ ಮಾಡಲು ಬಿಡಬೇಡಿ. ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಬೇಕು.

• ನೀರು ತೆಗೆದ ಬಳಿಕ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸ್ಟಾರ್ಟ್ ಆಯಿತು ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಸ್ವಲ್ಪ ಬಾಗಿದ ರಾಡ್ ಕೆಲ ಕಾಲ ಓಡಿ, ಮುಂದೆ ಮುರಿಯಬಹುದು.

• ಎಂಜಿನ್ ಬಿಚ್ಚುವ ಮೊದಲು ಬಿಡಿಭಾಗ ಮತ್ತು ಕೂಲಿ ಬೇರೆ ಬೇರೆ ನಮೂದಿಸಿದ ಲಿಖಿತ ಎಸ್ಟಿಮೇಟ್ ಪಡೆಯಿರಿ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಮೊದಲೇ ಹೇಳಿಡಿ.

ವಿಮೆ ಸಿಗುತ್ತದೆಯೇ?

ಸಮಗ್ರ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ. ಆದರೆ ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರಿಂದಲೇ ಎಂಜಿನ್ ಕೆಟ್ಟಿತು ಎಂದು ಕಂಪನಿ ಅದರ ಖರ್ಚನ್ನು ನಿರಾಕರಿಸಬಹುದು. ಇದಕ್ಕಾಗಿಯೇ 'ಎಂಜಿನ್ ಪ್ರೊಟೆಕ್ಟ್' ಎಂಬ ಆ್ಯಡ್-ಆನ್ ಇದೆ. ಅದರ ಷರತ್ತುಗಳನ್ನು ಪಾಲಿಸಿ ನವೀಕರಿಸುವಾಗಲೇ ಓದಿ. ಎಂಜಿನ್ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ಕಾಯಿರಿ.

ಗ್ಯಾರೇಜ್ ಮೋಸ ಮಾಡಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಿಮಾ ದೂರಿಗೆ 155255 ಇದೆ. ಎಸ್ಟಿಮೇಟ್, ಬಿಲ್, ಫೋಟೊಗಳೇ ನಿಮ್ಮ ಸಾಕ್ಷಿ.

ತೀರ್ಮಾನ

ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಕು ಎಂಬ ಸಲಹೆ ತಪ್ಪು. ಅಂಥ ಸಂದೇಶ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ.